ಒಂದು ಹಿಡಿ ಕೊಸರು

ಕೊಸರು ಅಂದರೇನು ಅಂತ ಬಿಡಿಸಿ ಹೇಳುವ ಕಾಲವೂ ಬಂತಲ್ಲ, ಅದೇ ನೋಡಿ ಕೇಡುಗಾಲ. ಸೊಪ್ಪು ತೂಗಿ ಆಯಿತು, ತಕ್ಕಡಿ ನಿಂತಿತು, ದುಡ್ಡಿನ ಮಾತೂ ಮುಗಿಯಿತು. ಆಮೇಲೆ ಮಾರುವವಳ ಕೈ ಇನ್ನೊಂದು ಸಲ ಬುಟ್ಟಿಗೆ ಹೋಗಿ, ಒಂದು ಹಿಡಿ ಎತ್ತಿ, ಕೊಳ್ಳುವವಳ ಚೀಲಕ್ಕೆ ಹಾಕುತ್ತದಲ್ಲ, ಅದು ಕೊಸರು. ಅದಕ್ಕೆ ಬೆಲೆ ಇಲ್ಲ, ತೂಕ ಇಲ್ಲ. ಕೊಡದಿದ್ದರೆ ಮಾತ್ರ ಜಗಳ ಇದೆ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಬೆಳಗಿನ ಹೊತ್ತು ಕಿವಿಗೆ ಬೀಳುವ ಜಗಳಗಳಲ್ಲಿ ಅರ್ಧ ಇದರದ್ದೇ.

ಮುನಿಯಕ್ಕನ ಹತ್ತಿರ ಆ ಜಗಳ ಯಾರೂ ಆಡಿದವರಿಲ್ಲ. ಕೇಳುವ ಮೊದಲೇ ಹಾಕುತ್ತಿದ್ದಳು. ಸುಬ್ರಹ್ಮಣ್ಯಪುರದವಳು. ಬನಶಂಕರಿ ಗುಡಿಯಿಂದ ಈಚೆ ಬರುವ ದಾರಿಯಲ್ಲಿ ಗೋಣಿ ಹಾಸಿಕೊಂಡು ಎಷ್ಟೋ ವರ್ಷ ಸೊಪ್ಪು ಮಾರಿದವಳು. ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚಲು ಬಂದ ಹೆಂಗಸರು ಗುಡಿ ಬಿಟ್ಟು ಹೊರಟರೆ ಮೊದಲು ಸಿಗುತ್ತಿದ್ದುದೇ ಅವಳ ಗೋಣಿ. ಅಂಥ ಜಾಗ ಸಿಗಲು ಪುಣ್ಯ ಮಾಡಿರಬೇಕು. ಆ ಜಾಗವನ್ನು ಬಿಡಿಸಿದವಳು ಶಾಂತಲಾ.

ಕೆಟ್ಟದ್ದಕ್ಕೆ ಬಿಡಿಸಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಂತಲಾ ಸಿದ್ದಾಪುರದ ಹೆಣ್ಣುಮಗಳು, ಜೆ.ಪಿ. ನಗರದ ಒಂದು ದೊಡ್ಡ ಅಡುಗೆಮನೆಯಲ್ಲಿ ಪರ್ಚೇಸ್ ನೋಡಿಕೊಳ್ಳುವವಳು. ಆಫೀಸುಗಳ ಕ್ಯಾಂಟೀನಿಗೆ ದಿನವೂ ಊಟ ಬೇಯಿಸಿ ಕಳಿಸುವ ಅಡುಗೆಮನೆ ಅದು. ಅಲ್ಲಿ ಎಲ್ಲರೂ ಕಿಚನ್ ಅಂತಲೇ ಕರೆಯುತ್ತಾರೆ. ಅಕ್ಕಿ, ಎಣ್ಣೆ, ತೆಂಗಿನಕಾಯಿ, ಸೊಪ್ಪು, ತರಕಾರಿ, ಏನು ಬರಬೇಕಾದರೂ ಶಾಂತಲಾಳ ಫೋನ್ ಹೋಗಬೇಕು. ಗುಡಿಗೆ ಹೋದಾಗಲೆಲ್ಲ ಮುನಿಯಕ್ಕನ ಹತ್ತಿರ ಮನೆಗೆ ಸೊಪ್ಪು ಕೊಂಡು ಸಲಿಗೆ ಬೆಳೆದಿತ್ತು. ಒಂದು ದಿನ ಬಾಯಿ ಬಿಟ್ಟು ಹೇಳಿದಳು. "ಈ ಬಿಸಿಲಲ್ಲಿ ಯಾಕಕ್ಕ ಒಣಗ್ತೀಯ? ನಮ್ಮ ಕಿಚನ್ನಿಗೇ ಪೂರ್ತಿ ಹಾಕು. ದಿನಾ ಆರ್ಡರ್ ಕೊಡೋದು ನಾನು."

ಮುನಿಯಕ್ಕ ಕೊತ್ತಂಬರಿಗೆ ನೀರು ಚಿಮುಕಿಸುತ್ತಾ ಯೋಚನೆ ಮಾಡಿದಳು. "ಜಾಗ ಬಿಟ್ರೆ ಇನ್ನೊಬ್ರು ಕೂತ್ಕತಾರೆ ಕಣವ್ವ. ನಾಳೆ ನಿಮ್ಮೋರು ಬ್ಯಾಡ ಅಂದ್ರೆ ನಾನೆಲ್ಲಿಗೆ ಹೋಗ್ಲಿ?"

"ನಾನಿದ್ದೀನಲ್ಲ."

ಇಷ್ಟೇ. ಆ ಒಂದು ಮಾತಿನ ಮೇಲೆ ಮುನಿಯಕ್ಕ ಗೋಣಿ ಸುತ್ತಿಕೊಂಡು ಎದ್ದಳು. ನಿಂಬೆಹಣ್ಣು ಮಾರುವವನೊಬ್ಬ ವಾರದೊಳಗೆ ಅಲ್ಲಿ ಛತ್ರಿ ನೆಟ್ಟ. ಮುನಿಯಕ್ಕ ಮಾತ್ರ ಚೆನ್ನಾಗೇ ಇದ್ದಳು. ನಸುಕಿನಲ್ಲಿ ತೋಟಗಳಿಂದ ಸೊಪ್ಪು ಎತ್ತಿಸಿ, ಲಗೇಜ್ ಆಟೋದಲ್ಲಿ ಕ್ರೇಟುಗಳನ್ನು ತಂದು, ಕಿಚನ್ ಹಿಂದಿನ ಗೇಟಿನಲ್ಲಿ ಇಳಿಸಿದರೆ ಅವಳ ದಿನ ಮುಗಿಯಿತು. ಮಗಳು ರೇಖಾ ನರ್ಸಿಂಗ್ ಓದುತ್ತಿದ್ದದ್ದು ಈ ಸೊಪ್ಪಿನಲ್ಲೇ. ಒಂದೊಂದು ಕ್ರೇಟನ್ನೂ ಮನೆಯಲ್ಲೇ ಸರಿಯಾಗಿ ತೂಗಿ, ಮೇಲೆ ಎರಡು ಹಿಡಿ ಕೊಸರು ಹಾಕಿ ತರುತ್ತಿದ್ದಳು. ಗೇಟಿನಲ್ಲಿ ಯಾರೂ ಬಗ್ಗಿ ಸಹ ನೋಡುತ್ತಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಆ ಕಿಚನ್ನಿನ ಯಜಮಾನರು ಹೊಸಕೆರೆಹಳ್ಳಿಯ ಚಿಕ್ಕಬೈರಪ್ಪನವರು. ರಾಗಿ ಹೊಲ ಲೇಔಟ್ ಆಯಿತು, ಲೇಔಟಿನಲ್ಲಿ ಒಂದು ಕಲ್ಯಾಣ ಮಂಟಪ ಎದ್ದಿತು, ಮಂಟಪದ ಅಡುಗೆಗೆ ಹೆಸರು ಬಂದು ಅದೇ ಈ ಕಿಚನ್ ಆಯಿತು. ಗೌಡರು ದೊಡ್ಡ ಕೈಯವರು, ನಂಬಿದರೆ ಪೂರ್ತಿ ನಂಬುವವರು. ಅದಕ್ಕೇ ಸ್ಟೋರ್ ನೋಡುತ್ತಿದ್ದ ಒಬ್ಬ ಹೆಗ್ಗಣ ಅವರನ್ನು ವರ್ಷಗಟ್ಟಲೆ ಮೇಯ್ದ. ಬಂದ ಮಾಲಿಗಿಂತ ಕಡಿಮೆ ಬರೆಯುವುದು, ಮಿಕ್ಕಿದ್ದನ್ನು ಹಿಂದಿನ ಗೇಟಿನಿಂದಲೇ ಹೊರಗೆ ಸಾಗಿಸುವುದು. ಸಿಕ್ಕಿಬಿದ್ದಾಗ ಗೌಡರು ಅತ್ತೇಬಿಟ್ಟರು. ಆಗ ಅವರ ಸೊಸೆ ಶ್ವೇತ ಬಂದು ಕುರ್ಚಿಯಲ್ಲಿ ಕೂತಳು. "ಮಾವ, ಇನ್ಮೇಲೆ ಮನುಷ್ಯರು ಬರೆಯೋದು ಬೇಡ. ತಕ್ಕಡೀನೇ ಬರೀಲಿ," ಅಂದಳು.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು ಅಂತ ನನಗೆ ಬಾಯಿಗೆ ಬರುತ್ತದೆ. ಆದರೆ ಹಾಗೆ ಹೇಳಿದರೆ ಅನ್ಯಾಯ. ಶ್ವೇತ ಮಾಡಿದ್ದು ಸರಿಯಾಗೇ ಇತ್ತು. ಅವಳು ತರಿಸಿದ ಸಾಫ್ಟ್‌ವೇರಿನಲ್ಲಿ ಆರ್ಡರ್ ಫೋನಿನಲ್ಲೇ ಹೋಗುತ್ತದೆ, ಮಾಲು ಗೇಟಿಗೆ ಬಂದಾಗ ಫೋನಿಗೆ ಬಂದ ನಂಬರ್ ಹೇಳಿದರೆ ಮಾತ್ರ ಗೇಟು ತೆರೆಯುತ್ತದೆ, ತಕ್ಕಡಿಯ ಮೇಲೆ ಇಟ್ಟ ತೂಕ ಯಾರ ಕೈಗೂ ಸಿಗದೆ ನೇರ ಕಂಪ್ಯೂಟರಿಗೆ ಹೋಗುತ್ತದೆ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಶಾಂತಲಾ. ಆ ಹೆಗ್ಗಣದ ಜೊತೆ ನಿನಗೂ ಪಾಲಿತ್ತಾ ಅನ್ನುವ ಹಾಗೆ ಜನ ಅವಳನ್ನು ನೋಡಿದ್ದರಲ್ಲ, ಆ ನೋಟದಿಂದ ಬಿಡುಗಡೆ ಸಿಕ್ಕಿತು ಅಂದುಕೊಂಡಳು. ಪಾಪ.

ಸಾಫ್ಟ್‌ವೇರ್ ಕಂಪನಿಯಿಂದ ಬಂದವನು ಕೈಲಾಸ್ ಅಂತ. ಸಾಧು ಮನುಷ್ಯ, ಏನು ಕೇಳಿದರೂ ನಗುತ್ತಲೇ ಉತ್ತರ. ಎಲ್ಲ ಕೂಡಿಸಿ ಕೊನೆಗೆ ಶಾಂತಲಾಳನ್ನು ಕೇಳಿದ. "ಮೇಡಂ, ಆರ್ಡರ್ ತೂಕಕ್ಕೂ ಬಂದ ತೂಕಕ್ಕೂ ಎಷ್ಟು ವ್ಯತ್ಯಾಸ ಬಿಡೋಣ? ಐದು ಪರ್ಸೆಂಟ್ ಇಡ್ಲಾ?"

ಎದುರಿಗಿದ್ದವರು ಒಂದು ಬೆಲೆ ಹೇಳಿದರೆ ಶಾಂತಲಾ ಅದನ್ನು ಇಳಿಸದೆ ಬಿಟ್ಟವಳೇ ಅಲ್ಲ. ಇಪ್ಪತ್ತು ವರ್ಷದ ಕೆಲಸ ಕಲಿಸಿದ್ದು ಅದನ್ನೇ. ಐದು ಅಂತ ಕಿವಿಗೆ ಬಿದ್ದದ್ದೇ ತಡ ಬಾಯಿ ಚೌಕಾಸಿಗೆ ಇಳಿಯಿತು. "ಐದು ಯಾಕ್ರೀ? ಜಾಸ್ತಿ ಆಯ್ತು. ಎರಡು ಮಾಡಿ."

"ಸೊಪ್ಪು ತರಕಾರಿಗೆ ನಾಲ್ಕಾದ್ರೂ..."

"ಎರಡು. ಫೈನಲ್."

ಕೈಲಾಸ್ ನಗುತ್ತಾ ಎರಡು ಒತ್ತಿದ. ಶ್ವೇತ ಮೆಚ್ಚುಗೆಯಿಂದ ತಲೆಯಾಡಿಸಿದಳು. ಗೆದ್ದ ಖುಷಿಯಲ್ಲಿ ಶಾಂತಲಾ ಆ ಸಂಜೆ ಮನೆಗೆ ಜಿಲೇಬಿ ಒಯ್ದಳು. ತೂಕದಲ್ಲಿ ಕಡಿಮೆ ಕೊಡುವ ಕಳ್ಳರ ಮುಖಗಳೇ ಅವಳ ಕಣ್ಣ ಮುಂದೆ ಇದ್ದವು. ಹೆಚ್ಚು ಕೊಡುವವರೂ ಇರುತ್ತಾರೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಹೊಳೆಯುವುದು ಹೇಗೆ? ಕೊಸರನ್ನು ಯಾರಾದರೂ ತೂಕ ಅಂತ ಎಣಿಸುತ್ತಾರೆಯೇ?

ಮುನಿಯಕ್ಕನನ್ನು ಸಾಫ್ಟ್‌ವೇರಿಗೆ ಸೇರಿಸಿದ್ದೂ ಶಾಂತಲಾಳೇ. ಗೋಡೆಗೆ ನಿಲ್ಲಿಸಿ ಫೋಟೋ ತೆಗೆದಳು. ಮುನಿಯಕ್ಕ ಸೆರಗು ಸರಿಮಾಡಿಕೊಂಡು, ಮದುವೆ ಫೋಟೋಗೆ ನಿಂತ ಹಾಗೆ ನಿಂತಳು. ಫೋನಿನಲ್ಲಿ ಅವಳ ಮುಖದ ಪಕ್ಕ ಒಂದು ಹಸಿರು ಚುಕ್ಕೆ ಬಂತು. "ಹಸಿರು ಇದ್ರೆ ಒಳ್ಳೇದಕ್ಕ. ಹಳದಿ ಆದ್ರೆ ಹುಷಾರು. ಕೆಂಪಾದ್ರೆ ಮುಗೀತು," ಅಂತ ಶಾಂತಲಾ ಹೇಳಿಕೊಟ್ಟಳು.

"ಸೊಪ್ಪಿನೋಳಿಗೆ ಹಸಿರಲ್ದೆ ಇನ್ನೇನವ್ವ," ಅಂತ ಮುನಿಯಕ್ಕ ನಕ್ಕಳು.

ಹಳದಿ ಆಗಲು ಒಂದು ವಾರವೂ ಹಿಡಿಯಲಿಲ್ಲ. ಶಾಂತಲಾ ಕಂಪ್ಯೂಟರಿನಲ್ಲಿ ನೋಡಿದರೆ "ತೂಕದಲ್ಲಿ ಅಕ್ರಮ" ಅಂತ ಬರೆದಿದೆ. ನಗು ಬಂತು ಅವಳಿಗೆ. ತೂಕದಲ್ಲಿ ಕಡಿಮೆ ಕೊಡುವವರಿದ್ದಾರಲ್ಲ, ಅವರಿಗೆ ಅಂತ ಇಟ್ಟ ಬಲೆ ಅದು, ಹೆಚ್ಚಾದರೂ ಹಿಡಿಯುತ್ತಿತ್ತು. ಮುನಿಯಕ್ಕನ ಎರಡು ಹಿಡಿ ಅದರಲ್ಲಿ ಸಿಕ್ಕಿಕೊಂಡಿತ್ತು. ಆರ್ಡರ್‌ಗಿಂತ ಹೆಚ್ಚಿಗೆ ಬಂದ ಮಾಲಿಗೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಯಾರಿಗೂ ನಷ್ಟವೂ ಇಲ್ಲ. ಆದರೂ ಅಕ್ರಮ ಅಕ್ರಮವೇ.

ಮರುದಿನ ಗೇಟಿನಲ್ಲಿ ಹೇಳಿದಳು. "ಅಕ್ಕ, ಇನ್ಮೇಲೆ ಕೊಸರು ಹಾಕ್ಬೇಡ. ಕರೆಕ್ಟಾಗಿ ತೂಗಿ ತಾ, ಸಾಕು."

ಮುನಿಯಕ್ಕ ಕ್ರೇಟು ಇಳಿಸುತ್ತಿದ್ದವಳು ಹಾಗೇ ನಿಂತಳು. ಬೈದಿದ್ದರೂ ಅವಳ ಮುಖ ಅಷ್ಟು ಸಪ್ಪಗೆ ಆಗುತ್ತಿರಲಿಲ್ಲ. "ಏನ್ ಮಾತು ಅಂತ ಆಡ್ತೀಯವ್ವ? ಕೊಸ್ರು ಅಂದ್ರೆ ಇನ್ನಷ್ಟು ಬರ್ಲಿ, ನಾಳೆಗೂ ಬಾ ಅಂತ. ನಮ್ಮತ್ತೆ ಹೇಳೋಳು, ಸಾವಿನ ಮನೆಗೆ ಕೊಡೋ ಸೊಪ್ಪಿಗೆ ಮಾತ್ರ ಕೊಸ್ರು ಹಾಕ್ಬಾರ್ದು ಅಂತ. ಅಂಥದ್ದು ಇನ್ನೊಂದ್ಸಲ ಬರೋದು ಬ್ಯಾಡ ಅಲ್ವಾ, ಅದ್ಕೆ. ಅನ್ನ ಕೊಡೋ ಮನೆ ಇದು. ಇದಕ್ಕೆ ಬರಗೈಲಿ ತೂಗಿ ಕೊಡೋದಾ?"

"ಅಯ್ಯೋ ಅಕ್ಕ, ಮಿಷಿನ್ನಿಗೆ ಅದೆಲ್ಲ ಗೊತ್ತಾಗಲ್ಲ."

"ನಿಂಗೆ ಗೊತ್ತಲ್ಲ?"

ಶಾಂತಲಾ ಕೈ ಮುಗಿದು, ಬೇಡಿಕೊಂಡು, ಹೂಂ ಅನ್ನಿಸಿದಳು. ಮುನಿಯಕ್ಕ ಹೂಂ ಅಂದಳು ನಿಜ, ಆದರೆ ಎರಡು ದಿನ ಬಿಟ್ಟು ಜಾಣತನ ಮಾಡಿದಳು. ಕ್ರೇಟಿನಲ್ಲಿ ಸರಿಯಾದ ತೂಕ, ಕೊಸರು ಮಾತ್ರ ಬೇರೆ ಕವರಿನಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು. ಗೇಟಿನ ಕ್ಯಾಮೆರಾ ಹಿಡಿದೇಬಿಟ್ಟಿತು. "ಆರ್ಡರ್ ಇಲ್ಲದ ಮಾಲು ಒಳಗೆ" ಅಂತ ಶ್ವೇತಳ ಫೋನಿಗೇ ಸುದ್ದಿ ಹೋಯಿತು. ಚುಕ್ಕೆ ಕಿತ್ತಳೆ ಆಯಿತು. ಕಿತ್ತಳೆ ಅಂತ ಒಂದಿದೆ ಅನ್ನುವುದೇ ಶಾಂತಲಾಳಿಗೆ ಅವತ್ತು ಗೊತ್ತಾದದ್ದು. ಆ ಕವರಿನಲ್ಲಿದ್ದ ಕರಿಬೇವನ್ನು ಅವಳು ಮನೆಗೂ ಒಯ್ಯಲಾಗದೆ, ಒಳಗೂ ಬಿಡಲಾಗದೆ, ಗೇಟಿನ ಆಚೆ ಕಟ್ಟಿದ್ದ ಯಾರದೋ ಹಸುವಿಗೆ ಹಾಕಿದಳು. ಹಸು ಮೂಸಿ ನೋಡಿ ಮುಖ ತಿರುಗಿಸಿತು.

ಆಮೇಲೆ ಸ್ವಲ್ಪ ಕಾಲ ಎಲ್ಲ ಸರಿಯಾಗೇ ನಡೆಯಿತು. ಮುನಿಯಕ್ಕ ತುಟಿ ಬಿಗಿದುಕೊಂಡು ಬರುತ್ತಿದ್ದಳು, ಸರಿಯಾದ ತೂಕ ಇಳಿಸುತ್ತಿದ್ದಳು, ಹೋಗುತ್ತಿದ್ದಳು. ಟೀ ಕುಡಿಯಲು ಕರೆದರೆ "ಹೊತ್ತಾಯ್ತು ಕಣವ್ವ" ಅನ್ನುತ್ತಿದ್ದಳು. ಹೋಗಲಿ, ಹೊಂದಿಕೊಂಡಳಲ್ಲ, ಅಷ್ಟು ಸಾಕು ಅಂತ ಶಾಂತಲಾ ಸಮಾಧಾನ ಮಾಡಿಕೊಂಡಳು.

ಯುಗಾದಿ ಕಳೆದು ಕಿಚನ್ ತೆರೆದ ದಿನ. ಹೊಸ ವರ್ಷದ ಮೊದಲ ಬೋಣಿ. ಮುನಿಯಕ್ಕ ತಲೆಗೆ ಮಲ್ಲಿಗೆ ಮುಡಿದು, ಹಣೆಗೆ ಕಾಸಗಲ ಕುಂಕುಮ ಇಟ್ಟು ಬಂದಿದ್ದಳು. ಬಂದವಳೇ ಬೇವುಬೆಲ್ಲದ ಪೊಟ್ಟಣವನ್ನು ಶಾಂತಲಾಳ ಕೈಗಿಟ್ಟಳು. ಕ್ರೇಟು ತಕ್ಕಡಿಯ ಮೇಲೆ ಕೂತಿತು. ಸರಿಯಾದ ತೂಕ. ಪಕ್ಕದಲ್ಲಿ ಎರಡನೇ ಕ್ರೇಟು ಕಾಯುತ್ತಿತ್ತು. ಮುನಿಯಕ್ಕನ ಬಲಗೈ ಅದರೊಳಗೆ ಹೋಯಿತು, ಒಂದು ಹಿಡಿ ಕೊತ್ತಂಬರಿ ಎತ್ತಿತು, ತಕ್ಕಡಿಯ ಮೇಲಿದ್ದ ಕ್ರೇಟಿಗೆ ಹಾಕಿತು. ಇನ್ನೊಂದು ಹಿಡಿ ಎತ್ತಿತು, ಹಾಕಿತು. ಅವಳ ಕಣ್ಣು ಎತ್ತಲೋ ಇತ್ತು, ಬಾಯಲ್ಲಿ ಏನೋ ಶುಭದ ಮಾತು. ಕೈ ಮಾಡಿದ ಕೆಲಸ ಅವಳಿಗೇ ಗೊತ್ತಿರಲಿಲ್ಲ ಅಂತ ಶಾಂತಲಾ ಯಾವ ದೇವರ ಮುಂದೆ ಬೇಕಾದರೂ ಆಣೆ ಇಟ್ಟು ಹೇಳಬಲ್ಲಳು.

"ಅಕ್ಕಾ!" ಅಂತ ಕೂಗಿಕೊಂಡಳು.

ಮುನಿಯಕ್ಕ ಬೆಚ್ಚಿಬಿದ್ದು, ತಪ್ಪು ತಿಳಿದು, ಎರಡೂ ಕೈಯಲ್ಲಿ ಬಾಚಿ ಸೊಪ್ಪು ವಾಪಸ್ ತೆಗೆದಳು. ಗಾಬರಿಯಲ್ಲಿ ಹಾಕಿದ್ದಕ್ಕಿಂತ ಹೆಚ್ಚೇ ಬಂತು. ಅಯ್ಯೋ ಅಂತ ಸ್ವಲ್ಪ ತಿರುಗಿ ಹಾಕಿದಳು. ಹಳೇ ತಕ್ಕಡಿಯಾಗಿದ್ದರೆ ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು. ಈ ತಕ್ಕಡಿ ಮಾತ್ರ ಏರಿದ್ದು, ಇಳಿದದ್ದು, ಮತ್ತೆ ಏರಿದ್ದು, ಒಂದೂ ಬಿಡದೆ ಹೇಳಿಬಿಟ್ಟಿತು. ಶಾಂತಲಾ ತನ್ನ ಮೇಜಿಗೆ ಓಡಿಹೋಗಿ ನೋಡುವಷ್ಟರಲ್ಲಿ ಮುನಿಯಕ್ಕನ ಮದುವೆ ಫೋಟೋದ ಪಕ್ಕ ಕೆಂಪು ಬಂದಿತ್ತು. "ತೂಕ ತಿದ್ದುವ ಪ್ರಯತ್ನ. ಪೂರೈಕೆದಾರರನ್ನು ಒಂದು ವರ್ಷ ತಡೆಹಿಡಿಯಲಾಗಿದೆ."

ಬೇವುಬೆಲ್ಲದ ಪೊಟ್ಟಣ ಇನ್ನೂ ಶಾಂತಲಾಳ ಕೈಯಲ್ಲೇ ಇತ್ತು.

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಮೈತ್ರಿ ಅನ್ನುವ ಹುಡುಗಿ, ಸಕ್ಕರೆಯಂಥ ಮಾತು. "ನಿಮ್ಮ ಕಷ್ಟ ಅರ್ಥ ಆಗತ್ತೆ ಮೇಡಂ. ತಪ್ಪಿಗೆ ಕಾರಣ ಆಯ್ಕೆ ಮಾಡಿ. ಮಾಲು ಕಡಿಮೆ, ಮಾಲು ಹಾಳು, ಮಾಲು ತಡ, ಮಾಲು ಬೇರೆ. ಯಾವುದು?"

"ಯಾವುದೂ ಅಲ್ಲಮ್ಮ. ಮಾಲು ಜಾಸ್ತಿ. ಸುಮ್ನೆ ಕೊಟ್ಟಿದ್ದು."

"ಸುಮ್ನೆ ಯಾಕೆ ಕೊಡ್ತಾರೆ ಮೇಡಂ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಹತ್ತಿರ ಏನು ಮಾತಾಡುವುದು? "ಕೊಸರು ಅಂತ, ನಿಮ್ಮಮ್ಮನ್ನ ಕೇಳಮ್ಮ" ಅಂದಳು ಶಾಂತಲಾ, ಅಳು ತಡೆದುಕೊಂಡು. ಮೈತ್ರಿ ಪಾಪ, ನಿಜವಾಗಲೂ ಬರೆದುಕೊಂಡಳು. ಸಂಜೆ ಮೆಸೇಜ್ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಏನು ಪರಿಹಾರ ಆಯಿತು ಅಂತ ನೋಡಿದರೆ ಕೆಂಪು ಕೆಂಪಾಗೇ ಇತ್ತು.

ಶ್ವೇತಳ ಹತ್ತಿರ ಹೋದಳು. ಶ್ವೇತ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡಳು. ಕೇಳಿ ಅವಳ ಕಣ್ಣೂ ಒದ್ದೆ ಆಯಿತು, ಸುಳ್ಳು ಹೇಳಬಾರದು. "ಶಾಂತಲಾ ಅವ್ರೇ, ನಂಗೂ ಗೊತ್ತು ಅವ್ರು ಕಳ್ಳರಲ್ಲ ಅಂತ. ಆದ್ರೆ ಕೆಂಪು ತೆಗೆಯೋ ಅಧಿಕಾರ ಯಾರಿಗೂ ಬೇಡ ಅಂತ ನಾವೇ ಹೇಳಿದ್ವಿ. ಮೀಟಿಂಗಲ್ಲಿ ನೀವೂ ಇದ್ರಿ. ನಾನು ತೆಗೀಬಹುದು ಅಂದ್ರೆ ನಾಳೆ ಇನ್ನೊಬ್ಬ ಸ್ಟೋರಿನೋನೂ ತೆಗೀಬಹುದು ಅಂತ ತಾನೇ? ಕ್ಯಾಂಟೀನ್ ಕಂಪನಿಗಳಿಗೂ ಇದೆಲ್ಲ ಕಾಣತ್ತೆ. ಕೆಂಪಿರೋರ ಹತ್ರ ತಗೊಂಡ್ರೆ ಅವ್ರು ನಮಗೇ ಕೆಂಪು ಹಾಕ್ತಾರೆ."

"ರೇಖಾ ಹೆಸರಲ್ಲಿ ಸೇರಿಸಿದ್ರೆ?"

"ಅದೇ ಮನೆ ವಿಳಾಸ, ಅದೇ ಫೋನು. ಅದು ಹಿಡಿಯತ್ತೆ. ಆಮೇಲೆ ಆ ಹುಡುಗಿ ಹೆಸರೂ ಕೆಡತ್ತೆ."

ಒಂದೊಂದು ಮಾತೂ ನ್ಯಾಯವಾಗೇ ಇತ್ತು. ಅದಕ್ಕೇ ಶಾಂತಲಾಳಿಗೆ ಜಗಳ ಆಡಲೂ ಆಗಲಿಲ್ಲ. ಅನ್ಯಾಯ ಮಾಡಿದವರು ಎದುರಿಗಿದ್ದರೆ ಬೈದಾದರೂ ಹಗುರಾಗಬಹುದು.

ಕೊನೆಗೆ ಹೊಸಕೆರೆಹಳ್ಳಿಗೆ ಹೋಗಿ ಯಜಮಾನರ ಕಾಲಿಗೇ ಬಿದ್ದಳು. ಚಿಕ್ಕಬೈರಪ್ಪನವರು ಮಂಟಪದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊಸರಿನ ಕಥೆ ಕೇಳಿ ರೇಗಿಬಿಟ್ಟರು. "ಏನಮ್ಮ ಇದು ಗ್ರಹಚಾರ! ಜಾಸ್ತಿ ಕೊಟ್ಟಿದ್ದಕ್ಕೆ ಶಿಕ್ಷೆನಾ? ನಮ್ಮವ್ವ ರಾಗಿ ಅಳೆಯೋವಾಗ ಸೇರಿನ ಮೇಲೆ ಗೋಪುರ ಮಾಡಿ ಅಳೆಯೋಳು. ಅವಳನ್ನೂ ಜೈಲಿಗೆ ಹಾಕ್ತಿದ್ರಾ? ತಡಿ ನೀನು." ಫೋನ್ ತೆಗೆದು ಸೊಸೆಗೆ ಜೋರು ಮಾಡಿದರು. ಆ ಕಡೆಯಿಂದ ಶ್ವೇತ ನಿಧಾನಕ್ಕೆ ಏನೇನೋ ಹೇಳುತ್ತಿದ್ದಳು. ಗೌಡರ ದನಿ ಮೆಲ್ಲಗೆ ಇಳಿಯಿತು. "ಹೂಂ... ಹೌದಾ... ನಾನೂ ಸೈನ್ ಹಾಕಿದೀನಾ? ಆಯ್ತಮ್ಮ, ಆಯ್ತು." ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು.

"ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾಯ್ತು ನೋಡು. ನಂದೇ ಅಡುಗೆಮನೆ. ಒಂದ್ ಕಟ್ಟು ಸೊಪ್ಪು ತರ್ಸೋಕೆ ನಂಗೇ ದಾರಿ ಇಲ್ಲ. ಪಾಸ್‌ವರ್ಡ್ ಏನು ಅಂತಾನೂ ಗೊತ್ತಿಲ್ಲ ಕಣಮ್ಮ. ನಾನೇನ್ ಮಾಡ್ಲಿ, ಹೇಳು?"

ಶಾಂತಲಾ ಎದ್ದು ಬಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದಳು. ಐದು ಪರ್ಸೆಂಟ್ ಇದ್ದಿದ್ದರೆ ಮುನಿಯಕ್ಕನ ಎರಡು ಹಿಡಿ ಯಾರಿಗೂ ಕಾಣದೆ ಆರಾಮಾಗಿ ಒಳಗೆ ಹೋಗುತ್ತಿತ್ತು. ಐದನ್ನು ಎರಡಕ್ಕೆ ಇಳಿಸಿದವರು ಕೈಲಾಸ್ ಅಲ್ಲ, ಶ್ವೇತ ಅಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವವರ ಕಥೆ ಕೇಳಿದ್ದಳು. ಇವಳು ಕೋಲು ಕೊಟ್ಟಿದ್ದಳು, ಪೆಟ್ಟು ತಿಂದವಳು ಮುನಿಯಕ್ಕ.

ಮುನಿಯಕ್ಕ ಮಾತ್ರ ದಿನವೂ ಬರುತ್ತಿದ್ದಳು. ಫೋನಿಗೆ ನಂಬರ್ ಬರುತ್ತಿರಲಿಲ್ಲ, ನಂಬರ್ ಇಲ್ಲದೆ ಗೇಟು ತೆರೆಯುತ್ತಿರಲಿಲ್ಲ. ಆಟೋ ನಿಲ್ಲಿಸಿಕೊಂಡು, ಒಂದೇ ಒಂದು ಕ್ರೇಟು ಇಟ್ಟುಕೊಂಡು, ಗೇಟಿನ ಆಚೆ ಕಾಲುದಾರಿಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಸೊಪ್ಪು ಬಾಡುವವರೆಗೆ ಕೂತು ಎದ್ದುಹೋಗುತ್ತಿದ್ದಳು. "ಒಂದ್ ವಾರದಲ್ಲಿ ಸರಿಹೋಯ್ತದಾ?" ಅಂತ ಒಂದು ದಿನ. "ನಿಂಬೆಹಣ್ಣಿನೋನು ಜಾಗ ಬಿಡಲ್ಲ ಅಂತಾನೆ ಕಣವ್ವ," ಅಂತ ಇನ್ನೊಂದು ದಿನ. "ರೇಖಾಗೆ ಇನ್ನೂ ಹೇಳಿಲ್ಲ, ಪರೀಕ್ಷೆ ಐತೆ," ಅಂತ ಮತ್ತೊಂದು ದಿನ. ಪ್ರತಿ ಸಲವೂ ಕೊನೆಗೆ ಅದೇ ಮಾತು: "ಇರ್ಲಿ, ನೀನಿದ್ದೀಯಲ್ಲ."

ಶಾಂತಲಾಳಿಗೆ ಆ ಮಾತು ಕೇಳಿದರೆ ಎಲ್ಲಾದರೂ ಓಡಿಹೋಗೋಣ ಅನ್ನಿಸುತ್ತಿತ್ತು.

"ಯಾರವ್ವ ಮಾಡಿದ್ದು ಈ ಕಾನೂನು?" ಅಂತ ಒಮ್ಮೆ ಕೇಳಿದಳು ಮುನಿಯಕ್ಕ.

"ಕಂಪ್ಯೂಟರ್ ಅಕ್ಕ," ಅಂದಳು ಶಾಂತಲಾ.

ಈ ನಡುವೆ ಸಾಫ್ಟ್‌ವೇರು ತಾನೇ ಹುಡುಕಿ ಇನ್ನೊಬ್ಬ ಸೊಪ್ಪಿನವನನ್ನು ಗೊತ್ತುಮಾಡಿತ್ತು. ಅವನ ಸೊಪ್ಪು ಕೆಟ್ಟದಾಗಿರುತ್ತದೆ, ಸಾಂಬಾರು ಹಾಳಾಗುತ್ತದೆ, ಆಗ ಎಲ್ಲರಿಗೂ ಬುದ್ಧಿ ಬರುತ್ತದೆ ಅಂತ ಶಾಂತಲಾ ಒಳಗೊಳಗೇ ಹರಕೆ ಹೊತ್ತಿದ್ದಳು. ಏನೂ ಆಗಲಿಲ್ಲ. ಸೊಪ್ಪು ತೊಳೆದಿಟ್ಟಂತೆ ಬರುತ್ತಿತ್ತು, ತೂಕ ಒಂದು ಎಳೆ ಆಚೀಚೆ ಇರುತ್ತಿರಲಿಲ್ಲ. ಸಾಂಬಾರು ಚೆನ್ನಾಗೇ ಇತ್ತು. ಅವಳೇ ಎರಡು ಸಲ ಹಾಕಿಸಿಕೊಂಡು ಉಂಡಳು, ಉಂಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಒಂದು ಬೆಳಿಗ್ಗೆ ಕೈಲಾಸ್ ತಕ್ಕಡಿ ಪರೀಕ್ಷೆ ಮಾಡಲು ಬಂದ. ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದ್ದೇ ತಡ, ಸೆಕ್ಯುರಿಟಿಯವರು ಯಾರೋ ಹೇಳಿಕೊಟ್ಟಿದ್ದರೇನೋ, ಮುನಿಯಕ್ಕ ಎದ್ದು ಹೋಗಿ ಅವನ ಮುಂದೆ ಕೈಜೋಡಿಸಿದಳು. "ಸಾಮಿ, ಆ ಮಿಷಿನ್ನು ನಿಮ್ದಂತಲ್ಲ. ಒಂದ್ ಮಾತು ಹೇಳಿ ಅದಕ್ಕೆ. ನಾನು ಮೋಸ ಮಾಡಿಲ್ಲ. ಇನ್ಮೇಲೆ ಒಂದ್ ಎಲೆನೂ ಜಾಸ್ತಿ ಹಾಕಲ್ಲ, ನನ್ ಮಗಳ ಮೇಲಾಣೆ."

ಅಷ್ಟು ವಯಸ್ಸಿನ ಹೆಂಗಸು ಕೈಮುಗಿದದ್ದು ನೋಡಿ ಕೈಲಾಸ್ ಕಂಗಾಲಾದ. ಸಮಾಧಾನ ಮಾಡಬೇಕು ಅಂತಲೇ, ಯಾವ ಕಪಟವೂ ಇಲ್ಲದೆ, ಹೇಳಿದ. "ಅಯ್ಯೋ ಬಿಡೀಮ್ಮ, ಕೈ ಇಳಿಸಿ. ನನ್ನ ಕೈಲಿ ಏನಿದೆ? ನಾನು ಐದು ಪರ್ಸೆಂಟ್ ಬಿಡೋಣ ಅಂತಾನೇ ಹೇಳ್ದೆ. ಐದಿದ್ರೆ ನಿಮ್ಗೆ ಏನೂ ಆಗ್ತಿರ್ಲಿಲ್ಲ. ಶಾಂತಲಾ ಮೇಡಮ್ಮೇ ಬೇಡ, ಎರಡು ಸಾಕು ಅಂದ್ರು."

ಶಾಂತಲಾ ಗೇಟಿನ ಈಚೆ ನಿಂತಿದ್ದಳು. ಕಂಬಿಗಳ ನಡುವೆ ಮುನಿಯಕ್ಕ ತಿರುಗಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ಅರ್ಥವಾಗದಿದ್ದರೂ ಮಾತು ಅರ್ಥವಾಗಿತ್ತು. ಕ್ರೇಟನ್ನು ತಾನೇ ಎತ್ತಿ ಆಟೋದಲ್ಲಿಟ್ಟಳು, ಹತ್ತಿ ಕೂತಳು. ಅವತ್ತು "ನೀನಿದ್ದೀಯಲ್ಲ" ಅನ್ನಲಿಲ್ಲ.

"ಅಕ್ಕಾ, ನಿಲ್ಲು, ಹಂಗಲ್ಲ ಅದು..." ಅಂತ ಶಾಂತಲಾ ಗೇಟು ತಳ್ಳಿದಳು. ಗೇಟು ತೆರೆಯಲಿಲ್ಲ. ನಂಬರ್ ಒತ್ತಬೇಕಿತ್ತು. ಒತ್ತಿ ಹೊರಗೆ ಬರುವಷ್ಟರಲ್ಲಿ ಆಟೋ ಸಿಗ್ನಲ್ ದಾಟಿತ್ತು.

ಮರುದಿನದಿಂದ ಮುನಿಯಕ್ಕ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಶಾಂತಲಾ ಬನಶಂಕರಿ ಕಡೆ ಹೋಗುವುದನ್ನೇ ಬಿಟ್ಟಳು. ಗುಡಿಗೆ ಯಾಕೆ ಬರಲಿಲ್ಲ ಅಂತ ಕೇಳಿದವರಿಗೆ ಮಂಡಿನೋವು ಅಂದಳು. ಎಷ್ಟು ದಿನ ಅಂತ ತಪ್ಪಿಸಿಕೊಳ್ಳುವುದು? ಆಷಾಢದ ಒಂದು ಶುಕ್ರವಾರ ಮನಸ್ಸು ತಡೆಯದೆ ಹೋದಳು. ದೀಪ ಹಚ್ಚಿದಳು, ಕೈಮುಗಿದಳು, ಏನು ಬೇಡಿಕೊಳ್ಳಬೇಕು ಅಂತಲೇ ತಿಳಿಯಲಿಲ್ಲ.

ಹಳೇ ಜಾಗದಲ್ಲಿ ನಿಂಬೆಹಣ್ಣಿನವನ ಛತ್ರಿಯೇ ಇತ್ತು. ಅದನ್ನು ದಾಟಿ, ಹೂವಿನವರನ್ನು ದಾಟಿ, ಬಳೆಯವರನ್ನೂ ದಾಟಿ, ಸಾಲಿನ ಕಟ್ಟಕಡೆಗೆ, ಟ್ರಾನ್ಸ್‌ಫಾರ್ಮರ್ ಪಕ್ಕ, ನೆರಳಿಲ್ಲದ ಕಡೆ ಮುನಿಯಕ್ಕ ಗೋಣಿ ಹಾಸಿಕೊಂಡು ಕೂತಿದ್ದಳು. ಅಲ್ಲಿಯವರೆಗೆ ನಡೆದು ಬರುವ ಗಿರಾಕಿಗಳೇ ಕಡಿಮೆ. ತಲೆಯ ಮೇಲೆ ಸೆರಗು. ಮುಂದೆ ಸ್ವಲ್ಪ ದಂಟು, ಸ್ವಲ್ಪ ಸಬ್ಬಸಿಗೆ, ಕೊತ್ತಂಬರಿ. ಬ್ಯಾಟರಿಯ ಒಂದು ಪುಟ್ಟ ತಕ್ಕಡಿ.

ಶಾಂತಲಾ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಅಕ್ಕ..." ಅಂದಳು.

ಮುನಿಯಕ್ಕ ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. "ಏನ್ ಬೇಕು ಮೇಡಂ?" ಅಂದಳು.

ಎಂದೂ ಮೇಡಂ ಅಂದವಳಲ್ಲ. ಶಾಂತಲಾ ತಡವರಿಸಿದಳು. "ಅರ್ಧ... ಅರ್ಧ ಕೆಜಿ ದಂಟು ಕೊಡು."

ಮುನಿಯಕ್ಕ ತೂಗಿದಳು. ತಕ್ಕಡಿ ಅರ್ಧ ಕೆಜಿಗಿಂತ ಚೂರು ಹೆಚ್ಚು ತೋರಿಸಿತು. ಅವಳು ಒಂದು ದಂಟು ತೆಗೆದಳು. ಇನ್ನೂ ಚೂರು ಹೆಚ್ಚಿತ್ತು, ಒಂದು ಎಲೆ ಚಿವುಟಿ ತೆಗೆದಳು. ಸಮ ಆದ ಮೇಲೆ ತಕ್ಕಡಿಯನ್ನು ಶಾಂತಲಾಳ ಕಡೆ ತಿರುಗಿಸಿ, ನೋಡಿ ಅನ್ನುವ ಹಾಗೆ ತೋರಿಸಿ, ಸೊಪ್ಪನ್ನು ಚೀಲಕ್ಕೆ ಸುರಿದಳು.

ಶಾಂತಲಾ ದುಡ್ಡು ಕೊಟ್ಟಳು. ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡೇ ಕೂತಿದ್ದಳು. ಎಷ್ಟೋ ವರ್ಷದ ಅಭ್ಯಾಸ, ಆ ಕೈ ಇನ್ನೊಂದು ಸಲ ಗೋಣಿಯ ಕಡೆ ಹೋಗುತ್ತದೆ ಅಂತ ಕಾಯುತ್ತಿದ್ದಳು. ಮುನಿಯಕ್ಕ ದುಡ್ಡನ್ನು ಮಡಿಲಿಗೆ ಹಾಕಿಕೊಂಡು, ಎರಡೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಕೊಸರಿಲ್ಲದ ಸೊಪ್ಪು ಯಾವ ಮನೆಗೆ ಹೋಗುತ್ತದೆ ಅನ್ನುವುದು ಶಾಂತಲಾಳಿಗೆ ಗೊತ್ತಿತ್ತು. ಅವಳಿಗೆ ಹೇಳಿಕೊಟ್ಟದ್ದೇ ಈ ಮುನಿಯಕ್ಕ.

ಅಷ್ಟರಲ್ಲಿ ಗುಡಿಯಿಂದ ಬಂದ ಯಾರೋ ಹೆಂಗಸು ಪಕ್ಕದಲ್ಲಿ ನಿಂತು, ಹತ್ತು ರೂಪಾಯಿಗೆ ಕೊತ್ತಂಬರಿ ಕೇಳಿದಳು. ಗುರುತು ಪರಿಚಯ ಇಲ್ಲದವಳು. ಮುನಿಯಕ್ಕ ಒಂದು ಕಟ್ಟು ಎತ್ತಿ ಕೊಟ್ಟಳು. ಆಮೇಲೆ ಬಲಗೈ ತಾನಾಗಿ ರಾಶಿಗೆ ಹೋಯಿತು, ಒಂದು ಹಿಡಿ ಎತ್ತಿತು, ಆ ಹೆಂಗಸಿನ ಚೀಲಕ್ಕೆ ಹಾಕಿತು. "ಬಾ ಕಣವ್ವ, ನಾಳೆಗೂ ಬಾ," ಅಂದಳು.

ಶಾಂತಲಾ ಚೀಲದ ಬಾಯಿ ಮುಚ್ಚಿಕೊಂಡು ಎದ್ದಳು.